ಇಬ್ಬರ ದಾಕ್ಷಿಣ್ಯದಲ್ಲಿ ಕೂಸು

(ಮಾತಾಡುವವರು ಇಬ್ಬರು. ಒಬ್ಬರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಕನ್ನಡ ಕೂಟದ ಪದಾಧಿಕಾರಿ. ಬೇಸಿಗೆ ರಜೆಯಲ್ಲಿ ಐದು ದಿನ ಮಕ್ಕಳ ಶಿಬಿರ ನಡೆಸಲು ಹತ್ತಿರದ ವಿಶ್ವವಿದ್ಯಾಲಯದ ಜಾಗ ಕೇಳಿದ್ದಾರೆ. ಇನ್ನೊಬ್ಬರು ಬೇರೊಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಇಂಥ ಅರ್ಜಿಗಳನ್ನೇ ನೋಡುವವರು.)

ಕೂಟದವರು: ನಮಗೆ ಬೇಕಾಗಿರುವುದು ನಾಲ್ಕು ಕೊಠಡಿ, ಒಂದು ಮೈದಾನ, ಮಧ್ಯಾಹ್ನದ ಊಟಕ್ಕೊಂದು ಹಾಲ್, ಇಷ್ಟೇ. ಕೈಗೆ ಬಂದಿರುವುದು ಒಂದು ಕಟ್ಟು ಅರ್ಜಿ. ವಿಮೆಯ ಪತ್ರ, ಒಬ್ಬೊಬ್ಬ ಸ್ವಯಂಸೇವಕರದೂ ಪೊಲೀಸ್ ದಾಖಲೆ, ಬೆರಳಚ್ಚು, ಆನ್‌ಲೈನ್ ತರಬೇತಿ, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಎಂಬ ಲೆಕ್ಕ, ಸಂಜೆ ಯಾವ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂಬ ಪಟ್ಟಿ. ಬಾಡಿಗೆ ನಾವು ಕೊಡುತ್ತೇವೆ. ಕೊನೆಯ ದಿನ ಗುಡಿಸಿ, ಬೀಗ ಹಾಕಿ, ಬೀಗದ ಕೈ ವಾಪಸ್ ಕೊಡುತ್ತೇವೆ. ಮಕ್ಕಳು ನಮ್ಮ ಮನೆಯವು, ಕಲಿಸುವವರು ನಮ್ಮ ಸ್ನೇಹಿತರು. ಮದುವೆಗೆ ಛತ್ರ ಕೊಟ್ಟವನು ಮದುಮಗನ ಜಾತಕ ಕೇಳುತ್ತಾನೆಯೇ?

ಕಚೇರಿಯವರು: ಛತ್ರದ ಮಾತು ಚೆನ್ನಾಗಿದೆ, ಅದನ್ನೇ ಹಿಡಿದುಕೊಳ್ಳೋಣ. ಛತ್ರದವನು ಜಾತಕ ಕೇಳುವುದಿಲ್ಲ ನಿಜ, ಆದರೆ ಗ್ಯಾಸ್ ಸಿಲಿಂಡರ್ ಎಲ್ಲಿಡಬೇಕು, ಹಿಂಬಾಗಿಲಿಗೆ ಯಾವಾಗ ಬೀಗ ಹಾಕಬಾರದು ಅನ್ನುವುದನ್ನು ಹೇಳಬೇಕು. ಹೇಳದೆ ಬಿಟ್ಟರೆ ಬೆಂಕಿ ಬಿದ್ದ ದಿನ ಅಡುಗೆಯವನು ಛತ್ರದವನತ್ತ, ಛತ್ರದವನು ಅಡುಗೆಯವನತ್ತ ಕೈ ತೋರಿಸುತ್ತಾರೆ. ವಿಶ್ವವಿದ್ಯಾಲಯದ ನೆಲದಲ್ಲಿ ಹೊರಗಿನವರ ಶಿಬಿರ ನಡೆದಾಗ ಅಪಾಯ ಇರುವುದು ಈ ಕೈ ತೋರಿಸುವ ಜಾಗದಲ್ಲೇ. ಜಾಗ ನಮ್ಮದು, ಮಕ್ಕಳು ನಿಮ್ಮವು. ಮಕ್ಕಳನ್ನು ನೀವು ನೋಡಿಕೊಳ್ಳುತ್ತೀರಿ ಎಂದು ನಾವು ಅಂದುಕೊಂಡಿರುತ್ತೇವೆ. ಇಷ್ಟು ದೊಡ್ಡ ಸಂಸ್ಥೆ, ಪೊಲೀಸರೇ ಇದ್ದಾರೆ, ಜಾಗವನ್ನು ಅವರು ನೋಡಿಕೊಳ್ಳುತ್ತಾರೆ ಎಂದು ನೀವು ಅಂದುಕೊಂಡಿರುತ್ತೀರಿ. ಇಬ್ಬರದೂ ಒಳ್ಳೆಯ ನಂಬಿಕೆಯೇ. ನಡುವೆ ಉಳಿದ ಸಂದಿಯಲ್ಲಿ ಯಾರೂ ನಿಂತಿರುವುದಿಲ್ಲ. ನಿಯಮ ಅನ್ನುವುದು ಆ ಸಂದಿಯಲ್ಲಿ ಒಬ್ಬರನ್ನು ನಿಲ್ಲಿಸುವ ಉಪಾಯ. ಅರ್ಜಿಯ ಎಲ್ಲ ಪುಟವೂ ಆ ಕೆಲಸ ಮಾಡುತ್ತದೆ ಎಂದು ನಾನು ಹೇಳಲಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೂಟದವರು: ನೀವು ಯಾವ ಕಥೆಗೆ ಬರುತ್ತೀರಿ ಎಂದು ಗೊತ್ತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ್ದು. ನಮ್ಮದೇ ರಾಜ್ಯ, ಇಲ್ಲಿ ಮಕ್ಕಳ ಮಾತೆತ್ತಿದರೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಆದರೆ ಅಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಜೆರ್ರಿ ಸ್ಯಾಂಡಸ್ಕಿ ಅವರದೇ ಫುಟ್‌ಬಾಲ್ ಕೋಚ್. ಮನೆಯವನು ಮಾಡಿದ ಪಾಪಕ್ಕೆ ನೆಂಟರನ್ನೇಕೆ ತಪಾಸಣೆ ಮಾಡಬೇಕು?

ಕಚೇರಿಯವರು: ಎಲ್ಲರೂ ಎಡವುವುದು ಅಲ್ಲೇ. ಆತ 1999ರಲ್ಲೇ ನಿವೃತ್ತನಾದ. ಆಮೇಲಿನದನ್ನು ಲೆಕ್ಕ ಹಾಕಿದರೆ ಆತ ಹೊರಗಿನವನೇ. ಆದರೆ ನಿವೃತ್ತಿಯ ಜೊತೆಗೆ ಎಮೆರಿಟಸ್ ಗೌರವ ಸಿಕ್ಕಿತು, ಕೂರಲು ಒಂದು ಕಚೇರಿ ಸಿಕ್ಕಿತು, ಆಟಗಾರರ ಕಟ್ಟಡದ ಬೀಗದ ಕೈ ಉಳಿಯಿತು. ಆತನ ಸುತ್ತ ಮಕ್ಕಳು ಬರುತ್ತಿದ್ದದ್ದು ವಿಶ್ವವಿದ್ಯಾಲಯದ ಮೂಲಕವಲ್ಲ, 1977ರಲ್ಲಿ ಆತನೇ ಕಟ್ಟಿದ ‘ದಿ ಸೆಕೆಂಡ್ ಮೈಲ್’ ಎಂಬ ದತ್ತಿ ಸಂಸ್ಥೆಯ ಮೂಲಕ. ಬಡ ಮಕ್ಕಳಿಗೆ, ಅಪ್ಪ ಅಮ್ಮನ ಆಸರೆ ಇಲ್ಲದ ಮಕ್ಕಳಿಗೆ ಎಂದೇ ಇದ್ದ ಸಂಸ್ಥೆ. ಅಂದರೆ ಕಟ್ಟಡ ಒಬ್ಬರದು, ಮಕ್ಕಳು ಇನ್ನೊಬ್ಬರ ಕಾರ್ಯಕ್ರಮದವರು, ನಡುವೆ ಇದ್ದವನು ಎರಡು ಕಡೆಯೂ ಗೌರವಸ್ಥ. 2001ರ ಫೆಬ್ರವರಿಯ ಒಂದು ರಾತ್ರಿ ಅದೇ ಕಟ್ಟಡದ ಸ್ನಾನದ ಮನೆಯಲ್ಲಿ ಆತ ಒಬ್ಬ ಹುಡುಗನೊಂದಿಗೆ ಇದ್ದದ್ದನ್ನು ಒಬ್ಬ ಸಹಾಯಕ ಕಂಡ. ಮಾರನೆಯ ದಿನ ಮುಖ್ಯ ಕೋಚ್‌ಗೆ ಹೇಳಿದ. ಅವರು ಮೇಲಿನವರಿಗೆ ಹೇಳಿದರು. ಮೇಲಿನವರು ಕೂತು ಯೋಚಿಸಿ ಏನು ಮಾಡಿದರು ಗೊತ್ತೇ? ಪೊಲೀಸರಿಗೂ ಮಕ್ಕಳ ಇಲಾಖೆಗೂ ತಿಳಿಸಲಿಲ್ಲ. ಆತನಿಗೆ ಇನ್ನು ಮುಂದೆ ಮಕ್ಕಳನ್ನು ಇಲ್ಲಿಗೆ ಕರೆತರಬೇಡ ಎಂದರು, ದತ್ತಿ ಸಂಸ್ಥೆಯ ಮುಖ್ಯಸ್ಥರ ಕಿವಿಗೆ ಒಂದು ಮಾತು ಹಾಕಿದರು. ಆ ಸಂಸ್ಥೆ ಇದೇನೂ ದೊಡ್ಡ ವಿಷಯವಲ್ಲ ಎಂದು ಬಿಟ್ಟಿತು. ಹೀಗೆ ಮಾಡುವುದೇ ಮಾನವೀಯ ಎಂದು ವಿಶ್ವವಿದ್ಯಾಲಯದ ಅಧ್ಯಕ್ಷರು ಇಮೇಲಿನಲ್ಲಿ ಬರೆದರು.

ಮಾನವೀಯ, ಯಾರಿಗೆ? ಆ ಮಾತಿಗೆ ಕನ್ನಡದಲ್ಲಿ ಇನ್ನೂ ಸರಿಯಾದ ಪದ ಇದೆ: ದಾಕ್ಷಿಣ್ಯ. ಮೂವತ್ತು ವರ್ಷ ಜೊತೆಗೆ ದುಡಿದವನ ಮುಖ ನೋಡಿ ಕೇಳಲಾಗದ ದಾಕ್ಷಿಣ್ಯ, ದೊಡ್ಡ ಸಂಸ್ಥೆ ಹೇಳಿದ್ದನ್ನು ಮರುಪ್ರಶ್ನೆ ಮಾಡಲಾಗದ ದಾಕ್ಷಿಣ್ಯ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವೆ. ಇಲ್ಲಿ ಜಗಳವೇ ಇರಲಿಲ್ಲ, ಇಬ್ಬರ ದಾಕ್ಷಿಣ್ಯದಲ್ಲಿ ಕೂಸು ಬಡವಾಯಿತು. ಇನ್ನೂ ಒಂದು ಸಂಗತಿ ನೋಡಿ. ಮಕ್ಕಳನ್ನು ಇಲ್ಲಿಗೆ ಕರೆತರಬೇಡ ಎಂದದ್ದು ಒಂದು ಕ್ಯಾಂಪಸ್ಸಿನ ಮಾತು. ಅದಾದ ಮೇಲೂ ಎಷ್ಟೋ ವರ್ಷ ಆತ ಅದೇ ವಿಶ್ವವಿದ್ಯಾಲಯದ, ಈರಿ ಊರಿನ ಬೆಹ್ರೆಂಡ್ ಕ್ಯಾಂಪಸ್ಸಿನಲ್ಲಿ ತನ್ನದೇ ಕಂಪನಿಯ ಹೆಸರಲ್ಲಿ ಮಕ್ಕಳ ಫುಟ್‌ಬಾಲ್ ಶಿಬಿರ ನಡೆಸಿದ. ಹೊರಗಿನ ಗುಂಪು, ವಿಶ್ವವಿದ್ಯಾಲಯದ ಮೈದಾನ, ಬೇಸಿಗೆ ರಜೆ. ಈಗ ನೀವು ಕೇಳುತ್ತಿರುವುದು ಏನೋ ಅದೇ. 2011ರ ನವೆಂಬರ್‌ನಲ್ಲಿ ಬಂಧನ, 2012ರ ಜೂನ್‌ನಲ್ಲಿ 45 ಆರೋಪಗಳಲ್ಲಿ ಅಪರಾಧಿ ಎಂಬ ತೀರ್ಪು, 30ರಿಂದ 60 ವರ್ಷ ಜೈಲು. ವಿಶ್ವವಿದ್ಯಾಲಯ ಸಂತ್ರಸ್ತರಿಗೆ ಕೊಟ್ಟ ಪರಿಹಾರವೇ 10 ಕೋಟಿ ಡಾಲರ್ ದಾಟಿತು. ಅಧ್ಯಕ್ಷರೂ ಇನ್ನಿಬ್ಬರು ಅಧಿಕಾರಿಗಳೂ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಅಪರಾಧದಲ್ಲಿ ಶಿಕ್ಷೆ ಪಡೆದರು. ಎಫ್‌ಬಿಐನ ಹಿಂದಿನ ನಿರ್ದೇಶಕ ಲೂಯಿ ಫ್ರೀ 2012ರ ಜುಲೈನಲ್ಲಿ ಕೊಟ್ಟ ತನಿಖಾ ವರದಿಯ ಮೇಲೆ ತಕರಾರುಗಳಿವೆ. ಯಾರಿಗೆ ಎಷ್ಟು ಗೊತ್ತಿತ್ತು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆದರೆ ಕಟ್ಟಡದೊಳಗೆ ಯಾರು ಯಾವ ಹಕ್ಕಿನಿಂದ ಓಡಾಡುತ್ತಾರೆ ಅನ್ನುವುದಕ್ಕೆ ಲೆಕ್ಕವೇ ಇರಲಿಲ್ಲ ಅನ್ನುವುದರ ಮೇಲೆ ತಕರಾರು ಇಲ್ಲ. ಆಮೇಲೆ ಪೆನ್ ಸ್ಟೇಟ್ ಬಿಗಿಗೊಳಿಸಿದ ಎಡಿ39 ಎಂಬ ನಿಯಮದ ತಲೆಬರಹವೇ ಪಾಠ ಹೇಳುತ್ತದೆ: ವಿಶ್ವವಿದ್ಯಾಲಯ ನಡೆಸುವ ಕಾರ್ಯಕ್ರಮಗಳಷ್ಟೇ ಅಲ್ಲ, ವಿಶ್ವವಿದ್ಯಾಲಯದ ಜಾಗದಲ್ಲಿ ನಡೆಯುವ ಕಾರ್ಯಕ್ರಮಗಳಿಗೂ ಅದು ಅನ್ವಯ. ಸಂಬಳದ ಪಟ್ಟಿ ಹಿಡಿದು ಹೊರಟ ನಿಯಮ ನೆಲ ಹಿಡಿದು ನಿಂತದ್ದು ಹಾಗೆ.

ಕೂಟದವರು: ಸರಿ, ಒಪ್ಪಿದೆ ಅನ್ನಿ. ಆದರೆ ನಿಮ್ಮ ಉದಾಹರಣೆಯೇ ನಿಮ್ಮ ಅರ್ಜಿಯನ್ನು ಸುಳ್ಳು ಮಾಡುತ್ತದಲ್ಲ. 2001ರಲ್ಲಿ ಆತನ ಪೊಲೀಸ್ ದಾಖಲೆ ತೆಗೆಸಿದ್ದರೆ ಏನು ಸಿಗುತ್ತಿತ್ತು? ಶುದ್ಧ ಹಾಳೆ. ಹಾಗಿದ್ದ ಮೇಲೆ ನಮ್ಮ ಕನ್ನಡ ಕಲಿಸುವ ಹೆಣ್ಣುಮಕ್ಕಳು ಬೆರಳು ಒತ್ತಿಸಿಕೊಳ್ಳಲು ಅರ್ಧ ದಿನ ರಜೆ ಹಾಕಬೇಕೇ?

ಕಚೇರಿಯವರು: ಇದಕ್ಕೆ ನಾನು ವಾದ ಹೂಡುವುದಿಲ್ಲ. ನೀವು ಹೇಳಿದ್ದಕ್ಕಿಂತ ಕೆಟ್ಟದಾಗಿದೆ ಪರಿಸ್ಥಿತಿ. ಆತ ಆರು ಮಕ್ಕಳನ್ನು ದತ್ತು ತೆಗೆದುಕೊಂಡವನು, ಇನ್ನೂ ಹಲವು ಮಕ್ಕಳನ್ನು ಸಾಕಲು ಅನುಮತಿ ಪಡೆದವನು; ಸರ್ಕಾರದ ಕಣ್ಣಿನಡಿಯಲ್ಲೇ ಹಾದುಹೋಗಿದ್ದ. 1998ರಲ್ಲಿ ಒಬ್ಬ ತಾಯಿ ದೂರು ಕೊಟ್ಟು ತನಿಖೆಯೂ ಆಗಿತ್ತು, ಮೊಕದ್ದಮೆ ಹೂಡದೆ ಕೈಬಿಟ್ಟರು. ಹಿನ್ನೆಲೆ ಪರಿಶೀಲನೆ ನೋಡುವುದು ಸಿಕ್ಕಿಬಿದ್ದವರನ್ನು ಮಾತ್ರ. ನಮ್ಮವರ ವಿಷಯದಲ್ಲಿ ಅದು ಇನ್ನೂ ತೆಳು. ಪೆನ್ಸಿಲ್ವೇನಿಯಾದಲ್ಲಿ ಮೂರು ಪತ್ರ ಕೇಳುತ್ತಾರೆ: ರಾಜ್ಯ ಪೊಲೀಸರದು, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ಇಲ್ಲ ಎಂಬುದು, ಎಫ್‌ಬಿಐಯ ಬೆರಳಚ್ಚಿನದು. 60 ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸಬೇಕು. ಹತ್ತು ವರ್ಷದಿಂದ ಇದೇ ರಾಜ್ಯದಲ್ಲಿರುವ ಸ್ವಯಂಸೇವಕರು ಪ್ರಮಾಣಪತ್ರಕ್ಕೆ ಸಹಿ ಮಾಡಿ ಬೆರಳಚ್ಚಿನಿಂದ ವಿನಾಯಿತಿ ಪಡೆಯಬಹುದು. ಹಾಗಾಗಿ ಬೆರಳು ಒತ್ತಬೇಕಾದವರು ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಬಂದವರು. ಅವರ ಬಗ್ಗೆ ಎಫ್‌ಬಿಐಗೆ ಗೊತ್ತಿರುವುದು ಏನು? ಮೂರು ವರ್ಷದ್ದು. ಅದಕ್ಕೆ ಮೊದಲಿನ ಮೂವತ್ತು ವರ್ಷ ಆ ಹಾಳೆಯಲ್ಲಿ ಇರುವುದೇ ಇಲ್ಲ. ಹಾಗೆಂದು ಪರಿಶೀಲನೆ ಬಿಡಬಾರದು. ಒಮ್ಮೆ ಸಿಕ್ಕಿಬಿದ್ದವನು ಇನ್ನೊಂದು ಊರಿಗೆ ಬಂದು ಮತ್ತೆ ಮಕ್ಕಳ ನಡುವೆ ಕೂರುವುದನ್ನು ಅದು ತಡೆಯುತ್ತದೆ, ಅದೂ ಸಣ್ಣ ಕೆಲಸವಲ್ಲ. ಆದರೆ ಆ ಪತ್ರ ಕೈಯಲ್ಲಿದೆ ಎಂದು ನೆಮ್ಮದಿಯಾಗಿ ನಿದ್ದೆ ಮಾಡುವ ಸಂಸ್ಥೆಗಿಂತ, ಪತ್ರವೇ ಇಲ್ಲದೆ ಎಚ್ಚರವಾಗಿರುವ ಸಂಸ್ಥೆ ವಾಸಿ.

ಎಚ್ಚರ ಅಂದರೆ ಏನು ಎಂದು ಕೇಳಿದರೆ ನಾನು ಕೊಠಡಿಯ ಬಾಗಿಲು ತೋರಿಸುತ್ತೇನೆ. ಅಮೆರಿಕದ ತರಗತಿ ಬಾಗಿಲುಗಳಲ್ಲಿ ಹಿಡಿಯ ಮೇಲುಗಡೆ ಅಂಗೈ ಅಗಲದ ಉದ್ದನೆಯ ಗಾಜಿನ ಪಟ್ಟಿ ಇರುತ್ತದೆ. ಶಿಬಿರ ಶುರುವಾದ ಎರಡನೆಯ ದಿನಕ್ಕೆ ಅದರ ಮೇಲೆ ಒಂದು ಬಣ್ಣದ ಕಾಗದ ಅಂಟಿರುತ್ತದೆ: ಸದ್ದು ಮಾಡಬೇಡಿ ಎಂದೋ, ವೇಳಾಪಟ್ಟಿಯೋ, ಮಕ್ಕಳು ಬಿಡಿಸಿದ ಆನೆಯೋ. ಅಂಟಿಸಿದವರಿಗೆ ಯಾವ ಕೆಟ್ಟ ಉದ್ದೇಶವೂ ಇಲ್ಲ, ಕಣ್ಣಿನ ಮಟ್ಟಕ್ಕೆ ನಯವಾದ ಜಾಗ ಅದೊಂದೇ. ಆದರೆ ಆ ಆನೆ ಕೂತ ಕ್ಷಣದಿಂದ ಒಳಗಿರುವುದು ಹೊರಗೆ ಕಾಣುವುದಿಲ್ಲ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಯಾರಿಗೂ ಕಾಣದಂತೆ ಇರಬಾರದು ಅನ್ನುವ ಒಂದು ನಿಯಮ ಸಾವಿರ ಬೆರಳಚ್ಚಿಗೆ ಸಮ. ಸ್ನಾನಕ್ಕೆ, ಬಟ್ಟೆ ಬದಲಾಯಿಸುವುದಕ್ಕೆ, ಕಾರಿನಲ್ಲಿ ಮನೆಗೆ ಬಿಡುವುದಕ್ಕೆ, ರಾತ್ರಿ ಫೋನಿನಲ್ಲಿ ಸಂದೇಶ ಕಳಿಸುವುದಕ್ಕೆ, ಎಲ್ಲಕ್ಕೂ ಅದೇ ನಿಯಮ. ಅದಕ್ಕೆ ದುಡ್ಡು ಬೇಡ, ವಕೀಲರು ಬೇಡ. ಯಾರನ್ನೂ ಅನುಮಾನಿಸುವುದೂ ಬೇಡ. ಕೂಟದ ಅಧ್ಯಕ್ಷರಿಗೂ ನಿನ್ನೆ ಬಂದ ಹುಡುಗನಿಗೂ ಒಂದೇ ನಿಯಮ ಇದ್ದಾಗ ಯಾರ ಮುಖವೂ ಬಾಡುವುದಿಲ್ಲ. ನಿಯಮ ಇಲ್ಲದ ಕಡೆ ಮಾತ್ರ ‘ನೀವು ಯಾಕೆ ಒಬ್ಬರೇ ಇದ್ದಿರಿ?’ ಎಂಬ ಪ್ರಶ್ನೆ ಅವಮಾನವಾಗುತ್ತದೆ. ಕ್ಯಾಲಿಫೋರ್ನಿಯಾ 2022ರ ಜನವರಿಯಿಂದ ಜಾರಿಗೆ ತಂದ ಎಬಿ 506 ಎಂಬ ಕಾನೂನು ಮಕ್ಕಳ ಶಿಬಿರ ನಡೆಸುವ ಸಂಘಗಳಿಗೂ ಬೆರಳಚ್ಚು ಮತ್ತು ತರಬೇತಿಯ ಜೊತೆಗೆ ಇದನ್ನೂ ಸೇರಿಸಿತು: ಸಾಧ್ಯವಾದಷ್ಟು ಮಟ್ಟಿಗೆ, ಮಕ್ಕಳಿರುವ ಕಡೆ ಇಬ್ಬರು ಹೊಣೆಗಾರರು ಇರಬೇಕು.

ಕೂಟದವರು: ಇಬ್ಬರು ಇದ್ದರೆ ಸಾಕು ಅನ್ನುವುದೂ ಅತಿ ನಂಬಿಕೆಯೇ ಅಲ್ಲವೇ? ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡಾಕ್ಟರ್ ಲ್ಯಾರಿ ನಾಸರ್ ತಾಯಂದಿರು ಅದೇ ಕೋಣೆಯಲ್ಲಿ ಕೂತಿರುವಾಗಲೇ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಎಂದು ಓದಿದ್ದೇನೆ. ನಿಮ್ಮ ಗಾಜಿನ ಪಟ್ಟಿ ಅಲ್ಲಿ ಏನು ಮಾಡುತ್ತಿತ್ತು?

ಕಚೇರಿಯವರು: ಏನೂ ಮಾಡುತ್ತಿರಲಿಲ್ಲ. ತಾಯಿ ನೋಡುತ್ತಿದ್ದಳು, ಆದರೆ ನೋಡುತ್ತಿರುವುದು ಚಿಕಿತ್ಸೆ ಎಂದು ಅಂದುಕೊಂಡಿದ್ದಳು. ಕಣ್ಣು ತಡೆಯಲಾರದ್ದನ್ನು ಕಿವಿ ತಡೆಯಬೇಕಾಗುತ್ತದೆ. ಆ ವಿಶ್ವವಿದ್ಯಾಲಯದಲ್ಲಿ 1997ರಷ್ಟು ಹಿಂದೆಯೇ ಒಬ್ಬ ಹುಡುಗಿ ಬಾಯಿಬಿಟ್ಟು ಹೇಳಿದ್ದಳು. ಆಕೆ ಅಲ್ಲಿನ ವಿದ್ಯಾರ್ಥಿನಿಯಲ್ಲ, ಕ್ಯಾಂಪಸ್ಸಿನಲ್ಲಿ ನಡೆಯುತ್ತಿದ್ದ ಮಕ್ಕಳ ಜಿಮ್ನಾಸ್ಟಿಕ್ಸ್ ತರಗತಿಗೆ ಬರುತ್ತಿದ್ದವಳು. ಹೇಳಿದ್ದು ಅಲ್ಲೇ ನಿಂತಿತು. 2014ರಲ್ಲಿ ಇನ್ನೊಬ್ಬ ಯುವತಿಯ ದೂರಿನ ಮೇಲೆ ವಿಶ್ವವಿದ್ಯಾಲಯ ತಾನೇ ವಿಚಾರಣೆ ನಡೆಸಿ, ಇದು ವೈದ್ಯಕೀಯ ವಿಧಾನವೇ ಎಂದು ಆತನನ್ನು ಬಿಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ‘ಇಂಡಿಯಾನಾಪೊಲಿಸ್ ಸ್ಟಾರ್’ ಪತ್ರಿಕೆ ಬರೆದ ಮೇಲಷ್ಟೇ ಕಟ್ಟೆ ಒಡೆದದ್ದು. ಪರಿಹಾರವೆಂದು ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಒಪ್ಪಿಕೊಂಡಿತು. ಎರಡೂ ಕಡೆ ಒಂದೇ ಕಾಯಿಲೆ: ಮಾತು ಮೇಲಕ್ಕೆ ಹೋಯಿತು, ಹೊರಕ್ಕೆ ಹೋಗಲಿಲ್ಲ.

ಹಾಗಾಗಿ ಅರ್ಜಿಯಲ್ಲಿ ನಾನು ಅತಿ ಮುಖ್ಯ ಅನ್ನುವ ಸಾಲು ಅನುಮಾನ ಬಂದಾಗ ಯಾರಿಗೆ ಹೇಳಬೇಕು ಅನ್ನುವುದು. ಪೆನ್ಸಿಲ್ವೇನಿಯಾದ ಹಳೆಯ ಕಾನೂನಿನಲ್ಲಿ ಸಿಬ್ಬಂದಿ ತನ್ನ ಮೇಲಿನವರಿಗೆ ಹೇಳಿದರೆ ಕರ್ತವ್ಯ ಮುಗಿಯುತ್ತಿತ್ತು. ಸರ್ಕಾರಕ್ಕೆ ತಿಳಿಸುವ ಕೆಲಸ ಮೇಲಿನವರದು. 2014ರ ತಿದ್ದುಪಡಿ ಆ ಮೆಟ್ಟಿಲನ್ನೇ ಕಿತ್ತುಹಾಕಿತು. ಈಗ ಅನುಮಾನ ಬಂದವರು ಮೊದಲು ತಾವೇ ರಾಜ್ಯದ ಚೈಲ್ಡ್‌ಲೈನ್ ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸಬೇಕು, ಆಮೇಲೆ ಸಂಸ್ಥೆಯ ಮುಖ್ಯಸ್ಥರಿಗೆ. ಕ್ರೀಡಾ ಸಂಸ್ಥೆಗಳಿಗೆಂದು 2018ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ಸೇಫ್ ಸ್ಪೋರ್ಟ್ ಕಾನೂನು 24 ಗಂಟೆಯ ಗಡುವು ಇಟ್ಟಿತು. ನಮ್ಮವರಿಗೆ ಇದು ಕಷ್ಟ, ನನಗೆ ಗೊತ್ತು. ಮನೆ ಮಾತು ಬೀದಿಗೆ ತರಬಾರದು ಎಂದು ಕಲಿತು ಬಂದಿದ್ದೇವೆ. ಕೂಟದ ಒಳಗೇ ನಾಲ್ಕು ಹಿರಿಯರು ಕೂತು ವಿಚಾರಿಸಿ, ತಪ್ಪಿದ್ದರೆ ಆತನನ್ನು ಸದ್ದಿಲ್ಲದೆ ದೂರ ಇಟ್ಟರಾಯಿತು ಅನ್ನಿಸುತ್ತದೆ. 2001ರಲ್ಲಿ ಪೆನ್ ಸ್ಟೇಟ್ ಮಾಡಿದ್ದು ಇದನ್ನೇ. ತಿಳಿಸುವುದು ಅಂದರೆ ತೀರ್ಪು ಕೊಡುವುದಲ್ಲ. ತೀರ್ಪು ಕೊಡುವ ಭಾರವನ್ನು ಬಲ್ಲವರ ಕೈಗೆ ದಾಟಿಸುವುದು. ಕೂಟದ ಖಜಾಂಚಿಗೆ, ಸಾಂಸ್ಕೃತಿಕ ಕಾರ್ಯದರ್ಶಿಗೆ ಆ ಭಾರ ಹೊರುವ ತರಬೇತಿ ಇಲ್ಲ, ಇರಬೇಕಾಗಿಯೂ ಇಲ್ಲ.

ಕೂಟದವರು: ಇದು ನ್ಯಾಯ. ಆದರೆ ನಿಮ್ಮ ಅರ್ಜಿಯಲ್ಲಿ ಆ ಸಾಲು ಎಲ್ಲೋ ಹಿಂದಿದೆ, ಮೊದಲ ಪುಟದಲ್ಲಿರುವುದು ವಿಮೆ. ಒಂದು ಘಟನೆಗೆ 10 ಲಕ್ಷ ಡಾಲರ್ ಮೊತ್ತದ ಪಾಲಿಸಿ, ಅದರಲ್ಲಿ ವಿಶ್ವವಿದ್ಯಾಲಯದ ಹೆಸರೂ ಸೇರಬೇಕು, ಲೈಂಗಿಕ ದೌರ್ಜನ್ಯಕ್ಕೆ ಬೇರೆಯೇ ರಕ್ಷಣೆ, ಏನಾದರೂ ಆದರೆ ನಿಮ್ಮ ಮೇಲೆ ದಾವೆ ಹೂಡುವುದಿಲ್ಲ ಎಂಬ ಒಪ್ಪಂದ. ಇದು ಮಕ್ಕಳ ರಕ್ಷಣೆಯೋ, ವಿಶ್ವವಿದ್ಯಾಲಯದ ತಿಜೋರಿಯ ರಕ್ಷಣೆಯೋ? ಶುಲ್ಕ ಕಟ್ಟಿ ಬರುವ ದೊಡ್ಡ ಟೆನಿಸ್ ಕಂಪನಿಗೆ ಇದು ಲೆಕ್ಕಕ್ಕಿಲ್ಲ, ಅವರ ವಕೀಲರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಚಂದಾ ಎತ್ತಿ ನಡೆಸುವ ನಮ್ಮಂಥವರು, ಚರ್ಚಿನ ಹುಡುಗರ ತಂಡ, ಬಡ ಬಡಾವಣೆಯ ಗಣಿತ ಶಿಬಿರ, ಇವರೆಲ್ಲ ಬೇಡ ಎಂದು ವಾಪಸ್ ಹೋಗುತ್ತಾರೆ. ಮಕ್ಕಳೇ ಬರದ ಕ್ಯಾಂಪಸ್ ಅತ್ಯಂತ ಸುರಕ್ಷಿತ ಕ್ಯಾಂಪಸ್ ಅಲ್ಲವೇ?

ಕಚೇರಿಯವರು: ಅರ್ಧ ಒಪ್ಪುತ್ತೇನೆ. ನನ್ನದೊಂದು ಒರೆಗಲ್ಲಿದೆ. ಅರ್ಜಿಯ ಪ್ರತಿ ಸಾಲಿಗೂ ಕೇಳುವುದು ಇಷ್ಟೇ: ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಯಾರು ಎಲ್ಲಿ ನಿಂತಿರಬೇಕು ಅನ್ನುವುದನ್ನು ಈ ಸಾಲು ಬದಲಾಯಿಸುತ್ತದೆಯೇ? ಬದಲಾಯಿಸಿದರೆ ಅದು ಮಗುವಿನ ನಿಯಮ. ಇಲ್ಲದಿದ್ದರೆ ವಕೀಲರ ನಿಯಮ. ದಾವೆ ಹೂಡುವುದಿಲ್ಲ ಎಂಬ ಸಹಿ ಯಾರನ್ನೂ ಎಲ್ಲೂ ನಿಲ್ಲಿಸುವುದಿಲ್ಲ. ವಿಮೆ ಕೆಲಸ ಮಾಡುವುದು ಅನಾಹುತ ಆದ ಮೇಲೆ. ಆದರೆ ವಿಮೆಯವರು ಪಾಲಿಸಿ ಕೊಡುವ ಮೊದಲು ನಿಮ್ಮ ಹತ್ತಿರ ಇಂಥ ನಿಯಮಗಳಿವೆಯೇ ಎಂದು ಕೇಳುತ್ತಾರೆ, ಅಷ್ಟರ ಮಟ್ಟಿಗೆ ಅದೂ ಒಂದು ಕಣ್ಣು. ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು ಅನ್ನುವುದು ಅಪ್ಪಟ ಮಗುವಿನ ನಿಯಮ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಲೆಕ್ಕದಲ್ಲಿ, ಹಗಲಿನ ಶಿಬಿರವಾದರೆ 6ರಿಂದ 8 ವರ್ಷದ ಎಂಟು ಮಕ್ಕಳಿಗೆ ಒಬ್ಬರು, 9ರಿಂದ 14ರವರಿಗೆ ಹತ್ತಕ್ಕೊಬ್ಬರು; ರಾತ್ರಿ ಉಳಿಯುವ ಶಿಬಿರವಾದರೆ ಅದೇ ವಯಸ್ಸಿನವರಿಗೆ ಆರಕ್ಕೊಬ್ಬರು, ಎಂಟಕ್ಕೊಬ್ಬರು. ನಿಮ್ಮ ಕೂಟದಲ್ಲಿ ಓಡಾಡಿ ಕೆಲಸ ಮಾಡುವ ಹೈಸ್ಕೂಲ್ ಹುಡುಗ ಹುಡುಗಿಯರನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಹದಿನಾರರ ಸ್ವಯಂಸೇವಕಿ ಎಷ್ಟೇ ಚುರುಕಾಗಿದ್ದರೂ ನಿಯಮದ ಕಣ್ಣಿಗೆ ಆಕೆಯೂ ಮಗುವೇ, ಕಾಯಬೇಕಾದವಳೇ.

ಖರ್ಚಿನ ಮಾತು ಬೇರೆ. ಅದನ್ನು ಸಣ್ಣ ಗುಂಪಿನ ಮೇಲೆ ಹೊರಿಸುವುದು ಅನ್ಯಾಯ, ಅದಕ್ಕೆ ಉಪಾಯಗಳೂ ಇವೆ. ಪೆನ್ಸಿಲ್ವೇನಿಯಾ ಸರ್ಕಾರ 2015ರಲ್ಲಿ ಸ್ವಯಂಸೇವಕರಿಗೆ ಮೊದಲ ಎರಡು ಪತ್ರಗಳ ಶುಲ್ಕ ತೆಗೆದುಹಾಕಿತು. ಸರ್ಕಾರ ಮಾಡಿದ್ದನ್ನು ವಿಶ್ವವಿದ್ಯಾಲಯವೂ ಮಾಡಬಹುದು: ತನ್ನ ಸಿಬ್ಬಂದಿಗೆ ಇರುವ ತರಬೇತಿಗೇ ನಿಮ್ಮನ್ನೂ ಸೇರಿಸಿಕೊಳ್ಳಬಹುದು, ಸಣ್ಣ ಗುಂಪುಗಳನ್ನೆಲ್ಲ ಒಂದೇ ಪಾಲಿಸಿಯಡಿ ತಂದು ತಲೆಗಿಷ್ಟು ಎಂದು ಹಂಚಬಹುದು. ಎಷ್ಟೋ ಕಡೆ ಮಾಡುವುದಿಲ್ಲ, ಅದು ಸೋಮಾರಿತನ. ಆದರೆ ಖರ್ಚು ಹೆಚ್ಚು ಅನ್ನುವುದು ಯಾರು ಕೊಡಬೇಕು ಎಂಬ ಪ್ರಶ್ನೆಯೇ ಹೊರತು, ನಿಯಮ ಬೇಡ ಎಂಬುದಕ್ಕೆ ಕಾರಣವಲ್ಲ.

ಕೂಟದವರು: ಒಂದು ಗಮನಿಸಿದಿರಾ? ಇಷ್ಟು ಹೊತ್ತೂ ಕೆಟ್ಟ ಮನುಷ್ಯರ ಬಗ್ಗೆಯೇ ಮಾತಾಡಿದೆವು. ಶಿಬಿರದಲ್ಲಿ ನಮಗೆ ನಿಜವಾಗಿ ಭಯ ಇರುವುದು ಜುಲೈ ಬಿಸಿಲಿನಲ್ಲಿ ಖೋ ಖೋ ಆಡಿ ತಲೆ ಸುತ್ತುವ ಹುಡುಗನದು, ಊಟದ ಹೊತ್ತಿನದು.

ಕಚೇರಿಯವರು: ಸರಿಯಾಗಿಯೇ ಭಯಪಡುತ್ತಿದ್ದೀರಿ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 19 ವರ್ಷದ ಆಟಗಾರನೊಬ್ಬ ಓಟದ ಅಭ್ಯಾಸದಲ್ಲಿ ಕುಸಿದ, ಎರಡು ವಾರದಲ್ಲಿ ತೀರಿಕೊಂಡ. ಉಷ್ಣಾಘಾತ. ತರಬೇತಿ ಪಡೆದವರು ಸುತ್ತಲೂ ಇದ್ದರು, ಆದರೂ ಅವನನ್ನು ತಣ್ಣೀರಿನಲ್ಲಿ ಮುಳುಗಿಸಲಿಲ್ಲ ಎಂದು ಆಮೇಲಿನ ಪರಿಶೀಲನೆ ಹೇಳಿತು. ಕ್ರೀಡಾ ವೈದ್ಯರ ಸೂತ್ರ ಇಷ್ಟೇ: ಮೊದಲು ತಣಿಸು, ಆಮೇಲೆ ಆಸ್ಪತ್ರೆಗೆ ಸಾಗಿಸು. ಮೈ ಸುಡುತ್ತಾ ತಡವರಿಸಿ ಮಾತಾಡುವ ಹುಡುಗನನ್ನು ಅರ್ಧ ಗಂಟೆಯೊಳಗೆ ತಣಿಸಿದರೆ ಬದುಕುತ್ತಾನೆ. ಅದಕ್ಕೆ ಬೇಕಾದದ್ದು ಯಂತ್ರವಲ್ಲ. ಕುತ್ತಿಗೆವರೆಗೆ ಮುಳುಗುವಷ್ಟು ದೊಡ್ಡ ಪ್ಲಾಸ್ಟಿಕ್ ತೊಟ್ಟಿ, ನೀರು, ಎರಡು ಮೂಟೆ ಐಸ್. ತನ್ನದೇ ತಂಡದಲ್ಲಿ ಇದು ತಪ್ಪಿಹೋಗಬಹುದಾದರೆ, ಆ ತೊಟ್ಟಿ ಯಾವ ಕೋಣೆಯಲ್ಲಿದೆ ಎಂದೂ ಗೊತ್ತಿಲ್ಲದ ಹೊರಗಿನವರ ಗತಿ ಏನು? ಇಲ್ಲಿಯೇ ವಿಶ್ವವಿದ್ಯಾಲಯದ ಹೊಣೆ ಬರುತ್ತದೆ. ಜಾಗದ ಗುಟ್ಟು ಗೊತ್ತಿರುವುದು ಅದಕ್ಕೆ. 911ಕ್ಕೆ ಫೋನ್ ಮಾಡಿದ ನಿಮ್ಮ ಸ್ವಯಂಸೇವಕಿ ‘ದೊಡ್ಡ ಮರದ ಪಕ್ಕದ ಕೆಂಪು ಕಟ್ಟಡ’ ಅನ್ನುತ್ತಾರೆ. ಕ್ಯಾಂಪಸ್ಸಿನಲ್ಲಿ ಕೆಂಪು ಇಟ್ಟಿಗೆಯ ಕಟ್ಟಡಗಳು ನಲವತ್ತಿರುತ್ತವೆ. ಯಾವ ಗೇಟಿನಿಂದ ಆಂಬುಲೆನ್ಸ್ ಬರುತ್ತದೆ, ಹೃದಯ ನಿಂತರೆ ಶಾಕ್ ಕೊಡುವ ಯಂತ್ರ ಯಾವ ಗೋಡೆಯಲ್ಲಿದೆ, ಶನಿವಾರ ಆ ಕಟ್ಟಡಕ್ಕೆ ಬೀಗ ಬಿದ್ದಿರುತ್ತದೆಯೇ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಡುವುದು ಬಾಡಿಗೆ ಹಣ ಪಡೆದ ವಿಶ್ವವಿದ್ಯಾಲಯದ ಕರ್ತವ್ಯ.

ಊಟದ ಹೊಣೆ ಮಾತ್ರ ನಿಮ್ಮದು, ಅಲ್ಲಿ ವಿಶ್ವವಿದ್ಯಾಲಯಕ್ಕೆ ಏನೂ ಗೊತ್ತಾಗುವುದಿಲ್ಲ. ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಇದೆ ಎಂದು ಯಾವ ಚೀಟಿಯೂ ಹೇಳುವುದಿಲ್ಲ, ಚಟ್ನಿಪುಡಿಯಲ್ಲಿ ಕಣ್ಣಿಗೂ ಕಾಣುವುದಿಲ್ಲ. ಇಲ್ಲಿನ ಪೊಟ್ಟಣದ ತಿಂಡಿಗಳ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿಗೆ 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಎಳ್ಳು ಸೇರಿದೆ. ಅಂದರೆ ಸಂಕ್ರಾಂತಿಯ ಎಳ್ಳು ಬೆಲ್ಲದ ಒಂದು ಪೊಟ್ಟಣದಲ್ಲಿ ಆ ಒಂಬತ್ತರಲ್ಲಿ ಎರಡು ಕೂತಿವೆ. ಸಂಸ್ಕೃತಿ ಪರಿಚಯ ಎಂದು ಇತರ ಮಕ್ಕಳನ್ನೂ ಕರೆದು ಹಂಚುವ ಮೊದಲು ಪಾಲಕರಿಂದ ಬರೆಸಿಕೊಂಡ ಹಾಳೆಯನ್ನು ಅಡುಗೆ ಬಡಿಸುವವರ ಕೈಯಲ್ಲಿ ಇಡಿ, ಕಚೇರಿಯ ಫೈಲಿನಲ್ಲಲ್ಲ.

ಕೂಟದವರು: ಊರಿನಲ್ಲಿ ಇದೆಲ್ಲ ಎಲ್ಲಿತ್ತು? ಏಪ್ರಿಲ್ ಬಂತೆಂದರೆ ಕಾಲೇಜು ಮೈದಾನಗಳಲ್ಲಿ ಬೇಸಿಗೆ ಶಿಬಿರ, ಯಾರೋ ಕ್ರಿಕೆಟ್ ಹೇಳಿಕೊಡುತ್ತಾರೆ, ಯಾರೋ ನಾಟಕ ಆಡಿಸುತ್ತಾರೆ. ಯಾವ ಅರ್ಜಿ, ಯಾವ ಬೆರಳಚ್ಚು?

ಕಚೇರಿಯವರು: ಅರ್ಜಿ ಇಲ್ಲದಿದ್ದರೆ ತೊಂದರೆ ಇರಲಿಲ್ಲ ಎಂದಾಗುವುದಿಲ್ಲ, ತೊಂದರೆ ಕೇಳಿಸಲಿಲ್ಲ ಎಂದಾಗುತ್ತದೆ. ಈಗ ಭಾರತದಲ್ಲೂ ಕಾನೂನು ಹಿಂದೆ ಬಿದ್ದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಮಿನಲ್ಲಿ ಶಿಕ್ಷೆ. 2020ರ ನಿಯಮಗಳು ಶಾಲೆ, ಕ್ರೀಡಾ ಅಕಾಡೆಮಿಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು ಎನ್ನುತ್ತವೆ. ಆದರೆ ಸೂಕ್ಷ್ಮವಾಗಿ ಓದಿದರೆ ಅದೇ ಹಳೆಯ ಸಂದಿ ಅಲ್ಲೂ ಇದೆ. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗಿನ ಹೆಚ್ಚಿನ ಶಿಕ್ಷೆ ಇರುವುದು ತಮ್ಮ ಅಧೀನದವರು ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ. ಮೈದಾನವನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡ ಕ್ರಿಕೆಟ್ ಕೋಚ್ ಪ್ರಾಂಶುಪಾಲರ ಅಧೀನದವನೇ? ಅಲ್ಲ, ಬಾಡಿಗೆದಾರ. ಸಂಬಳದ ಪಟ್ಟಿ ಹಿಡಿದು ಹೊರಟ ನಿಯಮ ಇನ್ನೂ ನೆಲ ಮುಟ್ಟಿಲ್ಲ. ಆ ಕಾಲೇಜು ಬಾಡಿಗೆ ರಸೀದಿಯ ಹಿಂಬದಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿದರೆ ಮುಟ್ಟುತ್ತದೆ. ಅದಕ್ಕೆ ದೆಹಲಿಯ ತಿದ್ದುಪಡಿಯವರೆಗೆ ಕಾಯಬೇಕಾಗಿಲ್ಲ.

ಕೂಟದವರು: ಹಾಗಾದರೆ ಈ ಅರ್ಜಿಯನ್ನೇ ತುಂಬೋಣ ಅನ್ನಿ. ಇಲ್ಲೊಂದು ಅಂಕಣ ಇದೆ, ‘ಶಿಬಿರದ ಹೊಣೆಗಾರರು, ಹೆಸರು ಮತ್ತು ಮೊಬೈಲ್’. ನನ್ನದನ್ನೇ ಬರೆಯುತ್ತೇನೆ.

ಕಚೇರಿಯವರು: ಬರೆಯಿರಿ. ಅದರ ಪಕ್ಕದಲ್ಲಿ ಅವರ ಕಡೆಯವರ ಹೆಸರಿಗೆ ಜಾಗ ಇದೆಯೇ ನೋಡಿ. ಆ ಐದು ದಿನ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಫೋನ್ ಎತ್ತಬೇಕಾದ ಒಬ್ಬ ವ್ಯಕ್ತಿಯ ಹೆಸರು.

ಕೂಟದವರು: ಇಲ್ಲ. ಕಚೇರಿಯ ನಂಬರ್ ಒಂದಿದೆ, ಸೋಮವಾರದಿಂದ ಶುಕ್ರವಾರ ಅಂತ. ನಮ್ಮ ಶಿಬಿರ ಶನಿವಾರ ಮುಗಿಯುತ್ತದೆ.

ಕಚೇರಿಯವರು: ಹಾಗಾದರೆ ಸಹಿ ಹಾಕುವ ಮೊದಲು ಆ ಹೆಸರು ಕೇಳಿ. ಇಷ್ಟು ಪುಟ ಕೇಳಿದವರ ಹತ್ತಿರ ಒಂದು ಸಾಲು ಕೇಳುವುದಕ್ಕೆ ದಾಕ್ಷಿಣ್ಯ ಬೇಡ.